ಹೋಗಲು ಹದಿನಾರು ಗಂಟೆ, ಬರಲು ಹದಿನೇಳೂ ಮುಕ್ಕಾಲು: ದೂರ ಒಂದೇ ಅಲ್ವಾ?

ಕೆಲವು ವರ್ಷದ ಹಿಂದಿನ ಮಾತು. ಹಾಸನದ ನಮ್ಮ ಎದುರುಮನೆ ಅಮ್ಮ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದರು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ವಿಮಾನ. ಟಿಕೆಟ್ಟಿನ ಹಾಳೆ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಮಧ್ಯಾಹ್ನ 2:20ಕ್ಕೆ ಹೊರಡುತ್ತದೆ, ಅದೇ ದಿನ ಸಂಜೆ 5:00ಕ್ಕೆ ಇಳಿಯುತ್ತದೆ ಅಂತ ಅದರಲ್ಲಿ ಇತ್ತು. ‘ಬರೀ ಎರಡು ಗಂಟೆ ನಲವತ್ತು ನಿಮಿಷನಾ? ದೆಹಲಿಗೆ ಹೋದಷ್ಟೇ ಆಯಿತಲ್ಲ’ ಅಂದರು. ಕೆಳಗೆ ಸಣ್ಣ ಅಕ್ಷರದಲ್ಲಿ ಒಟ್ಟು ಪ್ರಯಾಣ 16 ಗಂಟೆ 10 ನಿಮಿಷ ಅಂತ ಬರೆದಿತ್ತು. ವಾಪಸ್ ಬರುವ ಹಾಳೆಯಲ್ಲಿ 17 ಗಂಟೆ 45 ನಿಮಿಷ. ‘ಅದೇ ಊರು, ಅದೇ ದೂರ. ಬರುವಾಗ ಒಂದೂವರೆ ಗಂಟೆ ಜಾಸ್ತಿ ಯಾಕೆ?’

ಒಳ್ಳೆಯ ಪ್ರಶ್ನೆ. ಫೋನಿನಲ್ಲಿ ಎರಡು ಊರಿನ ಹೆಸರು ಹಾಕಿದರೆ ದೂರ ಇಷ್ಟು, ಹೊತ್ತು ಇಷ್ಟು ಅಂತ ಎರಡು ಅಂಕಿ ಬಂದುಬಿಡುತ್ತವೆ. ಆ ಎರಡು ಅಂಕಿಗೂ ನಾವು ಅಂದುಕೊಂಡಷ್ಟು ನೇರವಾದ ಸಂಬಂಧ ಇಲ್ಲ. ಇದು ನಮ್ಮ ಕಡೆಯವರಿಗೆ ಹೊಸದೇನೂ ಅಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ಸ್ಟೇಷನ್ನಿಗೆ ರೈಲಿನಲ್ಲಿ ಸುಮಾರು 55 ಕಿ.ಮೀ. ಅಷ್ಟಕ್ಕೆ ಎರಡು ಗಂಟೆಗೂ ಜಾಸ್ತಿ ಬೇಕು. ನಡುವೆ 57 ಸುರಂಗಗಳಿವೆ, ಘಟ್ಟದ ಇಳಿಜಾರು ಇದೆ. ಅಲ್ಲಿ ಎಷ್ಟು ಹೊತ್ತು ಅಂತ ಹೇಳುವುದು ಘಟ್ಟ. ಆಕಾಶದಲ್ಲಿ ಆ ಕೆಲಸ ಗಾಳಿಯದು.

ಗಾಳಿಯ ಮಾತಿಗೆ ಮೊದಲು ದೂರವನ್ನು ನೋಡೋಣ. ಅವತ್ತು ನಮ್ಮ ಮನೆಯಲ್ಲಿ ಒಂದು ಚಕ್ಕೋತ ಹಣ್ಣು ಇತ್ತು. ಅದೂ ದೇವನಹಳ್ಳಿಯದು. ಬೆಂಗಳೂರಿನ ವಿಮಾನ ನಿಲ್ದಾಣ ಇರುವ ಊರು ಮೊದಲಿಂದ ಹೆಸರುವಾಸಿ ಆಗಿದ್ದು ಈ ಹಣ್ಣಿಗೇ. ಹಣ್ಣಿನ ತೊಟ್ಟು ಉತ್ತರ ಧ್ರುವ ಅಂತ ಇಟ್ಟುಕೊಂಡೆವು. ಸೊಂಟದ ಸುತ್ತಳತೆ ಭೂಮಧ್ಯರೇಖೆ. ಬೆಂಗಳೂರು ಸೊಂಟದಿಂದ ಸ್ವಲ್ಪ ಮೇಲೆ, 13 ಡಿಗ್ರಿಯಲ್ಲಿ. ಅಲ್ಲೊಂದು ಪೆನ್ನಿನ ಚುಕ್ಕೆ. ಸ್ಯಾನ್ ಫ್ರಾನ್ಸಿಸ್ಕೊ ಇನ್ನೂ ಮೇಲೆ, 37 ಡಿಗ್ರಿ ದಾಟಿ. ಆದರೆ ಹಣ್ಣಿನ ಆಚೆ ಬದಿಗೆ, ಹೆಚ್ಚುಕಡಿಮೆ ಬೆಂಗಳೂರಿನ ಬೆನ್ನಿಗೆ. ಅಲ್ಲಿ ಇನ್ನೊಂದು ಚುಕ್ಕೆ. ಹೂ ಕಟ್ಟುವ ದಾರ ತಂದು ಮೊದಲನೆಯ ಚುಕ್ಕೆಯ ಮೇಲೆ ಅಮ್ಮ ಬೆರಳು ಒತ್ತಿ ಹಿಡಿದರು. ನಾನು ದಾರವನ್ನು ಹಣ್ಣಿನ ಹೊಟ್ಟೆಯ ಮೇಲೆ ಸುತ್ತಿಸಿ ಎರಡನೆಯ ಚುಕ್ಕೆಗೆ ತಂದೆ. ಗೋಡೆ ಮೇಲಿನ ಭೂಪಟದಲ್ಲಿ ಅಡ್ಡಗೆರೆ ಎಳೆದರೆ ಸಿಗುವ ದಾರಿ ಇದೇ: ಥಾಯ್ಲೆಂಡ್, ವಿಯೆಟ್ನಾಂ ಮೇಲೆ, ಆಮೇಲೆ ಪೆಸಿಫಿಕ್ ಸಾಗರದ ಉದ್ದಕ್ಕೂ. ‘ಈಗ ದಾರವನ್ನು ಬಿಗಿಯಾಗಿ ಎಳೆಯಿರಿ’ ಅಂದೆ. ಎಳೆದ ತಕ್ಷಣ ದಾರ ಹೊಟ್ಟೆಯಿಂದ ಜಾರಿ ಮೇಲಕ್ಕೆ, ತೊಟ್ಟಿನ ಕಡೆಗೆ ಸರಿದು ಕೂತಿತು. ಎರಡು ಬೆರಳಷ್ಟು ದಾರ ಉಳಿಯಿತು.

ಆ ಉಳಿದ ದಾರ ನಿಜವಾದ ಭೂಮಿಯಲ್ಲಿ ಸುಮಾರು 2,000 ಕಿ.ಮೀ. ಅಡ್ಡಗೆರೆಯ ದಾರಿ 16,000 ಕಿ.ಮೀ. ಆಸುಪಾಸು ಆಗುತ್ತದೆ. ಬಿಗಿದ ದಾರದ ದಾರಿ ಸುಮಾರು 14,000. ಉಂಡೆಯ ಮೇಲೆ ಎರಡು ಚುಕ್ಕೆಗಳ ನಡುವಿನ ಅತಿ ಚಿಕ್ಕ ದಾರಿ ಯಾವಾಗಲೂ ಈ ಬಿಗಿದ ದಾರವೇ. ಫೋನು ತೋರಿಸುವ ‘ದೂರ’ ಅನ್ನುವುದೂ ಇದೇ. ಈ ದಾರಿ 71 ಡಿಗ್ರಿ ಉತ್ತರದವರೆಗೆ, ಅಂದರೆ ಆರ್ಕ್‌ಟಿಕ್ ವೃತ್ತಕ್ಕಿಂತಲೂ ಮೇಲೆ ಏರಿ, ಸೈಬೀರಿಯಾದ ತುದಿಯಿಂದ ಅಲಾಸ್ಕಾ ಕಡೆಗೆ ಇಳಿಯುತ್ತದೆ. ಭೂಪಟದಲ್ಲಿ ಇದನ್ನು ಬರೆದರೆ ದೊಡ್ಡ ಬಿಲ್ಲಿನ ಹಾಗೆ ಕಾಣುತ್ತದೆ. ಸುತ್ತಿ ಬಳಸಿ ಹೋದ ಹಾಗೆ ಅನಿಸುತ್ತದೆ. ತಪ್ಪು ವಿಮಾನದ್ದಲ್ಲ. ಉಂಡೆಯನ್ನು ಹಾಳೆ ಮಾಡುವಾಗ ಧ್ರುವದ ಹತ್ತಿರದ ಜಾಗವನ್ನೆಲ್ಲ ರಬ್ಬರಿನ ಹಾಗೆ ಹಿಗ್ಗಿಸಿದ್ದು ಭೂಪಟ.

ಆದರೆ ವಿಮಾನ ಈ ಬಿಗಿದ ದಾರದ ಮೇಲೂ ಹೋಗುವುದಿಲ್ಲ. ಮೊದಲ ಅಡ್ಡಿ ಟಿಬೆಟ್. ವಿಮಾನದ ಒಳಗಿನ ಗಾಳಿಯ ಒತ್ತಡ ಏನಾದರೂ ಇಳಿದುಹೋದರೆ ತಲೆಯ ಮೇಲಿಂದ ಆಮ್ಲಜನಕದ ಮಾಸ್ಕ್ ಬೀಳುತ್ತದೆ, ಗೊತ್ತಲ್ವಾ? ಅದು ಬರುವುದು ಕೆಲವೇ ನಿಮಿಷ, ಸಾಮಾನ್ಯವಾಗಿ ಕಾಲು ಗಂಟೆ ಆಸುಪಾಸು. ಅಷ್ಟರಲ್ಲಿ ಪೈಲಟ್ ವಿಮಾನವನ್ನು ಸುಮಾರು 3,000 ಮೀಟರ್ ಎತ್ತರಕ್ಕೆ, ಸಹಜವಾಗಿ ಉಸಿರಾಡುವ ಜಾಗಕ್ಕೆ, ಇಳಿಸಬೇಕು. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಜಾಗ ಇಲ್ಲ, ಹಾಗಾಗಿ ಇಲ್ಲಿ ಎಲ್ಲಿ ಬೇಕಾದರೂ ಇಳಿಯಬಹುದು. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ 4,500 ಮೀಟರ್. ಅಲ್ಲಿ 3,000 ಮೀಟರಿಗೆ ಇಳಿಯುವುದು ಅಂದರೆ ನೆಲದ ಒಳಗೆ ಇಳಿದಂತೆ. ಅದಕ್ಕೇ ವಿಮಾನಗಳು ಅದನ್ನು ಆದಷ್ಟೂ ಬಳಸಿಕೊಂಡು ಹೋಗುತ್ತವೆ.

ಎರಡನೆಯದು ದೇಶಗಳ ಜಗಳ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾದ ಆಕಾಶ ಯೂರೋಪಿನ ವಿಮಾನಗಳಿಗೆ ಮುಚ್ಚಿತು. ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತೂವರೆ ಗಂಟೆಯಲ್ಲಿ ಮುಗಿಯುತ್ತಿದ್ದ ಪ್ರಯಾಣ ಹದಿಮೂರು ಗಂಟೆಯ ಹತ್ತಿರ ಬಂತು. ನಮ್ಮಲ್ಲೂ ಆಗಿದೆ: 2019ರಲ್ಲಿ ಒಂದು ಸಲ, 2025ರ ಏಪ್ರಿಲ್ 24ರಿಂದ ಇನ್ನೊಂದು ಸಲ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವರಿಗೆ ಪ್ರಯಾಣ ಉದ್ದ ಆಯಿತು. ಊರು ಎಲ್ಲಿತ್ತೋ ಅಲ್ಲೇ ಇದೆ.

ಈಗ ಗಾಳಿ. ಇದೇ ನಿಜವಾದ ವಿಷಯ, ನನಗೆ ತುಂಬ ಇಷ್ಟವಾದದ್ದೂ ಇದೇ.

ಸಕಲೇಶಪುರದ ಹತ್ತಿರ ಮಳೆಗಾಲದ ಹೇಮಾವತಿಯನ್ನು ನೆನಪಿಸಿಕೊಳ್ಳಿ. ತೆಪ್ಪ ನೀರಿನ ಜೊತೆ ಹೋದರೆ ಹುಟ್ಟು ಹಾಕುವುದೇ ಬೇಡ. ನೀರಿಗೆ ಎದುರಾಗಿ ಬಂದರೆ ತೋಳು ಸೋಲುತ್ತದೆ. ದಡದಲ್ಲಿ ಅಳೆದ ದೂರ ಎರಡಕ್ಕೂ ಒಂದೇ. ದೊಡ್ಡ ವಿಮಾನಗಳು ಹಾರುವುದು 10ರಿಂದ 12 ಕಿ.ಮೀ. ಎತ್ತರದಲ್ಲಿ, ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ. ಈ 900 ಅನ್ನುವುದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ, ನೆಲಕ್ಕೆ ಹೋಲಿಸಿದ್ದಲ್ಲ. ಅದೇ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ನದಿಗಳು ಹರಿಯುತ್ತವೆ. ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಗಂಟೆಗೆ ನೂರು, ಇನ್ನೂರು ಕಿ.ಮೀ. ವೇಗ ಅದಕ್ಕೆ ಮಾಮೂಲು. ಚಳಿಗಾಲದಲ್ಲಿ ಮುನ್ನೂರನ್ನೂ ದಾಟುತ್ತದೆ.

2020ರ ಫೆಬ್ರುವರಿಯಲ್ಲಿ ಅಟ್ಲಾಂಟಿಕ್ ಮೇಲೆ ದೊಡ್ಡ ಬಿರುಗಾಳಿ ಎದ್ದಿತ್ತು. ಅವತ್ತು ನ್ಯೂಯಾರ್ಕಿನಿಂದ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು 4 ಗಂಟೆ 56 ನಿಮಿಷದಲ್ಲಿ ಲಂಡನ್ ಮುಟ್ಟಿತು. ಸಾಮಾನ್ಯವಾಗಿ ಅದಕ್ಕೆ ಆರು ಗಂಟೆಗೂ ಜಾಸ್ತಿ ಬೇಕು. ನೆಲದಿಂದ ನೋಡಿದರೆ ಅದರ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಶಬ್ದದ ವೇಗವನ್ನು ಮೀರಿದ ಹಾಗೆ ಕಾಣುತ್ತದೆ. ಆದರೆ ಸುತ್ತಲಿನ ಗಾಳಿಗೆ ಹೋಲಿಸಿದರೆ ಅದು ಎಂದಿನ ವೇಗದಲ್ಲೇ ಇತ್ತು. ಗಾಳಿಯೇ ಹೊತ್ತುಕೊಂಡು ಹೋಯಿತು.

ಎದುರುಮನೆ ಅಮ್ಮನ ಒಂದೂವರೆ ಗಂಟೆಗೆ ಉತ್ತರ ಇಲ್ಲಿದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಪೂರ್ವದ ದಿಕ್ಕಿನಿಂದ ಹೋದರೆ ಗಾಳಿ ಬೆನ್ನಿಗೆ ಸಿಗುತ್ತದೆ. ಅದೇ ಕಡೆಯಿಂದ ವಾಪಸ್ ಬಂದರೆ ಮುಖಕ್ಕೆ ಹೊಡೆಯುತ್ತದೆ. ಹಾಗಾಗಿ ಬರುವಾಗ ಆದಷ್ಟೂ ಉತ್ತರಕ್ಕೆ ಹೋಗಿ ಗಾಳಿಯನ್ನು ತಪ್ಪಿಸಿಕೊಳ್ಳಲು ನೋಡುತ್ತಾರೆ. 2021ರ ಜನವರಿಯಲ್ಲಿ ಈ ದಾರಿಯ ಮೊದಲ ಏರ್ ಇಂಡಿಯಾ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಬಂದದ್ದು ಉತ್ತರ ಧ್ರುವದ ಮೇಲಿಂದಲೇ. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳತ್ವದಲ್ಲಿ ಪೈಲಟ್‌ಗಳೆಲ್ಲ ಹೆಂಗಸರೇ. ಆ ಸುದ್ದಿಯನ್ನು ಎದುರುಮನೆ ಅಮ್ಮ ಪೇಪರಿನಿಂದ ಕತ್ತರಿಸಿ ಇಟ್ಟುಕೊಂಡಿದ್ದರು.

ಇದಕ್ಕಿಂತ ಸೊಗಸಾದ ಉದಾಹರಣೆ 2016ರದ್ದು. ಅಲ್ಲಿಯವರೆಗೆ ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಪಶ್ಚಿಮಕ್ಕೆ, ಅಟ್ಲಾಂಟಿಕ್ ದಾಟಿ ಹೋಗುತ್ತಿತ್ತು. ಸುಮಾರು 13,900 ಕಿ.ಮೀ. ಅಕ್ಟೋಬರ್‌ನಲ್ಲಿ ದಾರಿ ಬದಲಿಸಿ ಪೂರ್ವಕ್ಕೆ, ಪೆಸಿಫಿಕ್ ಮೇಲಿಂದ ಹೋಗಲು ಶುರುಮಾಡಿದರು. ಸುಮಾರು 15,300 ಕಿ.ಮೀ. ಅಂದರೆ 1,400 ಕಿ.ಮೀ. ಜಾಸ್ತಿ. ಆದರೂ ಹೆಚ್ಚುಕಡಿಮೆ ಹದಿನಾಲ್ಕೂವರೆ ಗಂಟೆಯಲ್ಲಿ ಮುಟ್ಟಿತು. ಮೊದಲಿನ ದಾರಿಗಿಂತ ಎರಡು ಗಂಟೆಯಷ್ಟು ಬೇಗ! ದೂರದ ದಾರಿಯೇ ಹತ್ತಿರದ ದಾರಿ ಆಯಿತು.

ಇಲ್ಲಿ ಒಂದು ಅನುಮಾನ ಬರುತ್ತದೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿದೆ. ಹಾಗಾದರೆ ವಿಮಾನ ಮೇಲೆದ್ದು ಸುಮ್ನೆ ನಿಂತಿದ್ದರೆ ಅಮೆರಿಕವೇ ಕೆಳಗೆ ಬರಬೇಕಲ್ಲವಾ? ಪಶ್ಚಿಮಕ್ಕೆ ಹೋಗುವುದೇ ಬೇಗ ಆಗಬೇಕಲ್ಲವಾ? ತುಂಬ ಜನ ಹೀಗೆ ಕೇಳುತ್ತಾರೆ. ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ಬಸ್ಸಿನಲ್ಲಿ ಕೂತು ಒಂದು ನಿಂಬೆಹಣ್ಣನ್ನು ಮೇಲಕ್ಕೆ ಎಸೆಯಿರಿ. ಬಸ್ಸು ಎಷ್ಟೇ ಜೋರಾಗಿ ಹೋಗುತ್ತಿರಲಿ, ನಿಂಬೆಹಣ್ಣು ನಿಮ್ಮ ಕೈಗೇ ಬೀಳುತ್ತದೆ. ಹಿಂದಿನ ಸೀಟಿನವರ ಮೇಲೆ ಬೀಳುವುದಿಲ್ಲ. ಬಸ್ಸಿನ ವೇಗ ನಿಂಬೆಹಣ್ಣಿಗೂ ಇದೆ. ಹಾಸನದ ನೆಲ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿದೆ. ಅದರ ಮೇಲಿನ ಗಾಳಿಯೂ ತಿರುಗುತ್ತಿದೆ, ಗಾಳಿಯಲ್ಲಿರುವ ವಿಮಾನವೂ ತಿರುಗುತ್ತಿದೆ.

ಹಾಗಂತ ಭೂಮಿ ತಿರುಗುವುದಕ್ಕೂ ಜೆಟ್ ಸ್ಟ್ರೀಮಿಗೂ ಸಂಬಂಧ ಇಲ್ಲ ಅಂತಲ್ಲ. ನಮ್ಮ ಕಡೆಯ ಬಿಸಿ ಗಾಳಿ ಹಿಗ್ಗುತ್ತದೆ. ಉತ್ತರದ ತಣ್ಣನೆಯ ಗಾಳಿ ಕುಗ್ಗಿ ಕೂರುತ್ತದೆ. ಹಾಗಾಗಿ ಹತ್ತು ಕಿ.ಮೀ. ಮೇಲೆ ಹೋದಾಗ ದಕ್ಷಿಣದಲ್ಲಿ ಒತ್ತಡ ಜಾಸ್ತಿ, ಉತ್ತರದಲ್ಲಿ ಕಮ್ಮಿ. ಗಾಳಿ ಉತ್ತರಕ್ಕೆ ಇಳಿಯಲು ಹೊರಡುತ್ತದೆ. ಭೂಮಿ ತಿರುಗುತ್ತಿರುವುದರಿಂದ ಅದು ನೇರ ಹೋಗಲಾರದೆ ಬಲಕ್ಕೆ ತಿರುಗಿ, ಪೂರ್ವದ ಕಡೆಗೆ ಓಡುತ್ತದೆ. ಬಿಸಿ–ತಂಪಿನ ಅಂತರ ಚಳಿಗಾಲದಲ್ಲಿ ಜಾಸ್ತಿ, ಅದಕ್ಕೇ ಗಾಳಿಯೂ ಜೋರು. ಅದೇ ವಿಮಾನಕ್ಕೆ ಜನವರಿಯಲ್ಲಿ ಒಂದು ಹೊತ್ತು, ಜುಲೈಯಲ್ಲಿ ಒಂದು ಹೊತ್ತು ಆಗುವುದು ಇದರಿಂದ.

ಮಲೆನಾಡಿನವರಿಗೆ ಇಲ್ಲೊಂದು ವಿಶೇಷ ಇದೆ. ಜುಲೈಯಲ್ಲಿ ಚಾರ್ಮಾಡಿ ಘಾಟಿಯಲ್ಲಿ ನಿಂತರೆ ಮೋಡ ಸಮುದ್ರದ ಕಡೆಯಿಂದ ಬಂದು ಮುಖಕ್ಕೆ ಬಡಿಯುತ್ತದೆ. ಗಾಳಿ ಪಶ್ಚಿಮದಿಂದ ಪೂರ್ವಕ್ಕೆ. ಅದೇ ಹೊತ್ತಿನಲ್ಲಿ ಆ ಮೋಡಗಳಿಗಿಂತ ಎಷ್ಟೋ ಮೇಲೆ, 14–15 ಕಿ.ಮೀ. ಎತ್ತರದಲ್ಲಿ, ಇನ್ನೊಂದು ಜೋರು ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಓಡುತ್ತಿರುತ್ತದೆ. ಪೂರ್ತಿ ತಿರುಗುಮುರುಗು. ಬೇಸಿಗೆಯಲ್ಲಿ ಟಿಬೆಟ್ಟಿನ ಎತ್ತರದ ನೆಲ ಕಾದು ಮೇಲಿನ ಗಾಳಿಯನ್ನೂ ಬಿಸಿ ಮಾಡುತ್ತದೆ. ಆಗ ಉತ್ತರದಲ್ಲಿ ಬಿಸಿ, ದಕ್ಷಿಣದಲ್ಲಿ ತಂಪು ಅಂತ ಲೆಕ್ಕ ಉಲ್ಟಾ ಆಗುತ್ತದೆ. ಗಾಳಿಯ ದಿಕ್ಕೂ ಉಲ್ಟಾ. ಇದನ್ನು 1950ರ ದಶಕದಲ್ಲಿ ವಿವರಿಸಿದವರು ನಮ್ಮ ಹವಾಮಾನ ಇಲಾಖೆಯ ವಿಜ್ಞಾನಿ ಪಿ. ಕೋಟೇಶ್ವರಂ. ಇದರ ಅಂಚು ವಿಮಾನ ಹಾರುವ ಎತ್ತರಕ್ಕೂ ಇಳಿದಿರುತ್ತದೆ. ಹಾಗಾಗಿ ಮಳೆಗಾಲದಲ್ಲಿ ನಮ್ಮ ಆಕಾಶದಿಂದ ದುಬೈ ಕಡೆಗೆ ಹೊರಟವರಿಗೆ ಶುರುವಿನಲ್ಲಿ ಗಾಳಿ ಬೆನ್ನಿಗೆ ಸಿಗುತ್ತದೆ. ಕೆಳಗಿನ ಗಾಳಿ ಮಳೆ ತರುತ್ತಿದೆ, ಮೇಲಿನದು ವಿಮಾನ ತಳ್ಳುತ್ತಿದೆ. ಒಂದೇ ಆಕಾಶ.

ಪಶ್ಚಿಮದ ಜೆಟ್ ಸ್ಟ್ರೀಮನ್ನು ಮೊದಲು ಅಳೆದವರ ಕತೆ ಕೇಳಿದರೆ ಮನಸ್ಸು ಮರುಗುತ್ತದೆ. ಜಪಾನಿನ ವಸಾಬುರೊ ಓಯಿಶಿ 1920ರ ದಶಕದಲ್ಲಿ ಬಲೂನು ಹಾರಿಬಿಟ್ಟು, ದೂರದರ್ಶಕದಲ್ಲಿ ಅದರ ಓಟ ನೋಡಿ, ಮೇಲೆ ಎಂಥ ಗಾಳಿ ಇದೆ ಅಂತ ಕಂಡುಕೊಂಡರು. ಜಗತ್ತಿಗೆಲ್ಲ ತಿಳಿಯಲಿ ಅಂತ ಅದನ್ನು ಎಸ್ಪೆರಾಂಟೊ ಭಾಷೆಯಲ್ಲಿ ಬರೆದರು. ಎಲ್ಲರಿಗೂ ಸಮಾನವಾಗಿ ಇರಲೆಂದು ಕಟ್ಟಿದ ಭಾಷೆ ಅದು. ಆದರೆ ಅದನ್ನು ಓದುವವರು ಬಹಳ ಕಮ್ಮಿ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಜಪಾನಿನ ಮೇಲೆ ಬಂದ ಅಮೆರಿಕದ ಬಾಂಬರ್ ವಿಮಾನಗಳು ಆ ಗಾಳಿಗೆ ಸಿಕ್ಕಿ ಗುರಿ ತಪ್ಪಿದಾಗಲೇ ಹೊರಗಿನವರು ಅದರ ಜೋರನ್ನು ಕಂಡದ್ದು.

ಈಗ ಗಾಳಿಯ ಸುದ್ದಿ ಮೊದಲೇ ಗೊತ್ತಾಗುತ್ತದೆ. ಜಗತ್ತಿನ ನೂರಾರು ಕಡೆ ಇವತ್ತಿಗೂ ಬಲೂನು ಬಿಡುತ್ತಾರೆ, ನಮ್ಮ ಗಡಿಯಾರದ ಪ್ರಕಾರ ಬೆಳಿಗ್ಗೆ ಐದೂವರೆ, ಸಂಜೆ ಐದೂವರೆಯ ಲೆಕ್ಕಕ್ಕೆ. ಹಾರುತ್ತಿರುವ ವಿಮಾನಗಳೇ ತಮ್ಮ ಸುತ್ತಲಿನ ಗಾಳಿಯ ವೇಗ ಕಳಿಸುತ್ತವೆ. ಉಪಗ್ರಹಗಳು ಮೋಡದ ಚಿತ್ರ ತೆಗೆಯುತ್ತವೆ. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಮೋಡ ಎಷ್ಟು ಸರಿಯಿತು ಅಂತ ನೋಡಿ ಗಾಳಿಯ ವೇಗ ಲೆಕ್ಕ ಹಾಕುತ್ತಾರೆ. ನಮ್ಮ ಇನ್ಸಾಟ್ ಉಪಗ್ರಹಗಳು 36,000 ಕಿ.ಮೀ. ಎತ್ತರದಲ್ಲಿ ನಿಂತು ಈ ಕೆಲಸ ಮಾಡುತ್ತವೆ. ಅವುಗಳ ಲಗಾಮು ಇರುವುದು ಹಾಸನದಲ್ಲೇ, ಸಾಲಗಾಮೆ ರಸ್ತೆಯ ಇಸ್ರೋ ಕೇಂದ್ರದಲ್ಲಿ. ಆ ದೊಡ್ಡ ಬಿಳಿ ತಟ್ಟೆಗಳನ್ನು ನಾವು ಚಿಕ್ಕಂದಿನಿಂದ ನೋಡಿದ್ದೇವೆ. ವಿಮಾನದ ದಾರಿಗೂ ಅವಕ್ಕೂ ಸಂಬಂಧ ಇದೆ ಅಂತ ನನಗೆ ತಿಳಿದದ್ದು ಬಹಳ ತಡವಾಗಿ. ವಿಮಾನ ಹೊರಡುವ ಕೆಲವು ಗಂಟೆ ಮೊದಲು ಈ ಗಾಳಿಯ ನಕ್ಷೆ ನೋಡಿಯೇ ದಾರಿ ನಿರ್ಧಾರ ಆಗುತ್ತದೆ. ಅದಕ್ಕೆ ಇವತ್ತಿನ ದಾರಿ ನಾಳೆ ಇರುವುದಿಲ್ಲ.

ಹೋಗುವಾಗ ಕೊಟ್ಟ ಗಾಳಿ ಬರುವಾಗ ಕಿತ್ತುಕೊಂಡರೆ ಲೆಕ್ಕ ಸರಿಹೋಯಿತಲ್ಲ ಅಂತ ಅನಿಸಬಹುದು. ಸರಿಹೋಗುವುದಿಲ್ಲ. ಬೆಂಗಳೂರಿನಿಂದ ಲಂಡನ್ ಸುಮಾರು 8,000 ಕಿ.ಮೀ. ಗಾಳಿಯೇ ಇಲ್ಲದಿದ್ದರೆ 900ರ ವೇಗದಲ್ಲಿ ಹೋಗಿಬರಲು 17 ಗಂಟೆ 47 ನಿಮಿಷ. ಈಗ 100 ಕಿ.ಮೀ. ಪಶ್ಚಿಮದ ಗಾಳಿ ಇದೆ ಅನ್ನಿ. ಹೋಗುವಾಗ ವೇಗ 800, ಹತ್ತು ಗಂಟೆ. ಬರುವಾಗ ವೇಗ 1,000, ಎಂಟು ಗಂಟೆ. ಒಟ್ಟು 18. ಹದಿಮೂರು ನಿಮಿಷ ನಷ್ಟ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುತ್ತದೆ, ಹಾಗಾಗಿ ಅದರ ಪೆಟ್ಟೂ ಹೆಚ್ಚು.

ಮನೆಯಲ್ಲೇ ಕೂತು ಅಂದಾಜು ಮಾಡಬೇಕೆಂದರೆ ನಾನು ಹೀಗೆ ಮಾಡುತ್ತೇನೆ. ಫೋನು ತೋರಿಸುವ ದೂರವನ್ನು 850ರಿಂದ ಭಾಗಿಸಿ, ಅರ್ಧ ಗಂಟೆ ಸೇರಿಸಿ. ಆ ಅರ್ಧ ಗಂಟೆ ರನ್‌ವೇವರೆಗೆ ಉರುಳುವುದಕ್ಕೆ, ಏರುವುದಕ್ಕೆ, ಇಳಿಯುವುದಕ್ಕೆ. ದುಬೈಗೆ 2,700 ಕಿ.ಮೀ., ಮೂರೂ ಮುಕ್ಕಾಲು ಗಂಟೆಯ ಹತ್ತಿರ ಬರುತ್ತದೆ. ಲಂಡನ್‌ಗೆ ಹತ್ತು. ಸ್ಯಾನ್ ಫ್ರಾನ್ಸಿಸ್ಕೊಗೆ ಹದಿನೇಳು. ಅಮ್ಮನ ಟಿಕೆಟ್ಟಿನ ಎರಡು ಅಂಕಿಗಳ ನಡುವೆ ಸರಿಯಾಗಿ ಕೂರುತ್ತದೆ, ನೋಡಿ. ಪೂರ್ವಕ್ಕೆ ಹೋಗುವುದಾದರೆ ಸ್ವಲ್ಪ ಕಳೆಯಿರಿ, ಪಶ್ಚಿಮಕ್ಕಾದರೆ ಕೂಡಿಸಿ.

ನಮಗೆ ಹಾಸನದವರಿಗೆ ಇದರ ಮೇಲೆ ಇನ್ನೊಂದು ಲೆಕ್ಕ ಇದೆ. ಹಾಸನದಿಂದ ದೇವನಹಳ್ಳಿಗೆ ನೇರ ಗೆರೆಯಲ್ಲಿ 175 ಕಿ.ಮೀ. ವಿಮಾನಕ್ಕೆ ಅದು ಹನ್ನೆರಡು ನಿಮಿಷದ ಹಾರಾಟ. ಕಾರಿಗೆ ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲ ದಾಟಿ ನಾಲ್ಕು ಗಂಟೆ. ಅಲ್ಲಿ ಮೂರು ಗಂಟೆ ಮೊದಲೇ ಇರಬೇಕು. ಇಲ್ಲಿ ಬಾಗಿಲಿಗೆ ಬೀಗ ಹಾಕಿದ ಮೇಲೆ ಅಲ್ಲಿ ಮಗಳ ಮನೆಯ ಬಾಗಿಲು ತಟ್ಟಲು ಇಪ್ಪತ್ತೈದು ಗಂಟೆ ಇಟ್ಟುಕೊಳ್ಳಿ.

ಕೊನೆಗೆ ಉಳಿದದ್ದು ಆ ಎರಡು ಗಂಟೆ ನಲವತ್ತು ನಿಮಿಷ. ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನ ಗಡಿಯಾರದ್ದು, ಇಳಿಯುವ ಹೊತ್ತು ಇಳಿಯುವ ಊರಿನದ್ದು. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ನಮಗೆ ಮಧ್ಯಾಹ್ನ 2:20 ಆದಾಗ ಅಲ್ಲಿ ಅದೇ ದಿನದ ನಡುರಾತ್ರಿ 12:50. ಅದಕ್ಕೆ 16 ಗಂಟೆ 10 ನಿಮಿಷ ಕೂಡಿಸಿದರೆ ಸಂಜೆ 5. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ, ಆಗ ಅಂತರ ಹನ್ನೆರಡೂವರೆ. ವಾಪಸ್ ಬರುವಾಗ ಇದೇ ಉಲ್ಟಾ ಹೊಡೆಯುತ್ತದೆ. ಶನಿವಾರ ರಾತ್ರಿ 8:30ಕ್ಕೆ ಹೊರಟವರು ಇಲ್ಲಿ ಇಳಿಯುವುದು ಸೋಮವಾರ ಬೆಳಗಿನ ಜಾವ 3:45ಕ್ಕೆ. ಭಾನುವಾರ ಪೂರ್ತಿ ಆಕಾಶದಲ್ಲೇ ಕಳೆದುಹೋಗುತ್ತದೆ.

ಈ ಬೆಳಗಿನ ಜಾವದಲ್ಲಿ ನಾವು ಒಂದು ಸಲ ಎಡವಿದ್ದೇವೆ. ತಂಗಿಯ ಮಗ ಬರುವವನಿದ್ದ. ‘ಸೋಮವಾರ ರಾತ್ರಿ ಮೂರೂ ಮುಕ್ಕಾಲು’ ಅಂತ ಬಾಯಿಗೆ ಬಂದದ್ದನ್ನೇ ಕಾರಿನವರಿಗೆ ಹೇಳಿದ್ದೆವು. ಅವರು ಸೋಮವಾರ ರಾತ್ರಿ ಹೊರಡಲು ತಯಾರಾಗಿದ್ದರು. ಸೋಮವಾರ ಬೆಳಿಗ್ಗೆ ಐದಕ್ಕೆ ಅವನ ಫೋನು ಬಂದಾಗ ನಾವು ಹಾಸನದಲ್ಲಿ ನಿದ್ದೆಯಲ್ಲಿದ್ದೆವು. ಎರಡು ಪೆಟ್ಟಿಗೆ ಇಟ್ಟುಕೊಂಡು ಒಂಬತ್ತೂವರೆಯವರೆಗೆ ಅಲ್ಲೇ ಕೂತಿದ್ದ. ಎದುರುಮನೆ ಅಮ್ಮ ವಾಪಸ್ ಬರುವಾಗ ಹಾಗಾಗಲು ಬಿಡಲಿಲ್ಲ. 3:45ಕ್ಕೆ ಇಳಿದರೆ ಪಾಸ್‌ಪೋರ್ಟ್ ಸಾಲು, ಪೆಟ್ಟಿಗೆ ಎಲ್ಲ ಮುಗಿದು ಹೊರಬರಲು ಐದಾಗುತ್ತದೆ. ಭಾನುವಾರ ರಾತ್ರಿ ಊಟ ಮುಗಿಸಿ ಹನ್ನೆರಡರೊಳಗೆ ಹಾಸನ ಬಿಟ್ಟರೆ ಸರಿ. ಕಾರಿನವರಿಗೆ ಸೋಮವಾರ ಅನ್ನುವ ಮಾತನ್ನೇ ಎತ್ತಲಿಲ್ಲ, ‘ಭಾನುವಾರ ರಾತ್ರಿ ಹನ್ನೊಂದೂವರೆಗೆ ನಮ್ಮ ಬಾಗಿಲಿಗೆ ಬನ್ನಿ’ ಅಂದೆವು.